ಇಪ್ಪತ್ತೊಂದು ಕಂಪ್ಯೂಟರಿಗೆ ಒಂದೇ ಇಮೇಜ್

ಹದಿನೇಳು ಸ್ಕ್ರೀನ್. ಹದಿನೇಳೂ ನೀಲಿ!

ಮೊನ್ನೆ ಬೆಳಗ್ಗೆ ಬಂಗಾರಪೇಟೆಯ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ತಪಾಸಣೆ. ಇಪ್ಪತ್ತೊಂದು ಕಂಪ್ಯೂಟರೂ ಓಡದಿದ್ದರೆ ನಮ್ಮಲ್ಲಿ ಕಲಿಯುವವರ ಕಂಪ್ಯೂಟರ್ ಪರೀಕ್ಷೆ ಬೆಂಗಳೂರಿಗೆ ಹೋಗುತ್ತದೆ.

ಬೆಂಗಳೂರಾದರೆ ಬೂದಿಕೋಟೆಯ ಮಂಜುಳಾ ಬರೆಯೋದೇ ಇಲ್ಲ. ಬೆಳಗ್ಗೆ, ಸಂಜೆ ಹಸು ಕರೆದು ಡೇರಿಗೆ ಹಾಲು ಹಾಕಲು ಮನೆಯಲ್ಲಿ ಇರುವವಳು ಅವಳೊಬ್ಬಳೇ. ಮೂವತ್ತನಾಲ್ಕನೇ ವಯಸ್ಸಿಗೆ ಕೀಬೋರ್ಡ್ ಮುಟ್ಟಿ, ಈಗ ನನಗಿಂತ ಸ್ಪೀಡಾಗಿ ಟೈಪ್ ಮಾಡುತ್ತಾಳೆ.

ತಪ್ಪು ನನ್ನದೇ. ನಾಲ್ಕು ಹೊಸ ಮೆಷಿನ್ ಬಿಟ್ಟರೆ ಉಳಿದವೆಲ್ಲ ಯಾರ್ಯಾರೋ ಕೊಟ್ಟ ಹಳೆಯವು. ಎರಡಂತೂ ಕೆಜಿಎಫ್‌ನಲ್ಲಿ ಬಾಗಿಲು ಹಾಕಿದ ಸೈಬರ್ ಸೆಂಟರಿನವು.

ಒಂದರಲ್ಲಿ ಆಪರೇಟಿಂಗ್ ಸಿಸ್ಟಂ, ಪರೀಕ್ಷೆಯ ಸಾಫ್ಟ್‌ವೇರ್ ಎಲ್ಲ ಹಾಕಿ, ಅದರ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು ಎಲ್ಲಕ್ಕೂ ಇಳಿಸುವುದು ನನ್ನ ಪ್ಲಾನ್. ಪೂಜೆ ಮಾಡಿ ಕುಂಕುಮ ಇಟ್ಟಿದ್ದ ಹೊಸ ಮೆಷಿನ್ನಿನಿಂದಲೇ ಶುಭಾರಂಭ ಮಾಡಿದೆ. ಪಕ್ಕದ್ದಕ್ಕೆ ಹಾಕಿದೆ, ಓಡಿತು. ಅದೂ ಹೊಸದೇ ಅನ್ನೋದು ಹಳೆಯ ಹದಿನೇಳೂ ನೀಲಿಯಾದ ಮೇಲೆ ಹೊಳೆಯಿತು ನೋಡಿ…

ಮಂಜುಳಾ ಬಂದಳು. ಅವಳು ಊರಿನಲ್ಲಿ ರವಿಕೆ ಹೊಲಿಯುವವಳೂ ಹೌದು. ನನ್ನ ಗೋಳು ಹೇಳಿಕೊಂಡೆ.

"ಒಬ್ರ ಅಳ್ತೆಗೆ ಒಲ್ದಿದ್ ರವ್ಕೆನ ಊರ್ಗೆಲ್ಲ ತೊಡ್ಸಿದ್ರೆ ಇನ್ನೇನಾಯ್ತದಕ್ಕ?"

ಛೇ! ಇಮೇಜ್ ತೆಗೆಯುವ ಮೊದಲು ಆ ಮೆಷಿನ್ನಿನ ಗುರುತುಗಳನ್ನೆಲ್ಲ ಕಳಚುವ ಒಂದು ಸ್ಟೆಪ್ ಇದೆ. ಆಗ ಪ್ರತಿ ಕಂಪ್ಯೂಟರೂ ಮೊದಲ ಸಲ ಆನ್ ಆದಾಗ ತನ್ನ ಹಾರ್ಡ್‌ವೇರ್ ತಾನೇ ಗುರುತಿಸಿಕೊಳ್ಳುತ್ತದೆ. ಶುಭಾರಂಭದ ಸಂಭ್ರಮದಲ್ಲಿ ಅದನ್ನೇ ಮರೆತಿದ್ದೆ.

ಗುರುತು ಕಳಚಿ, ಹಳೆಯವುಗಳ ಹಾರ್ಡ್‌ವೇರ್ ನಡೆಸುವ ಡ್ರೈವರ್‌ಗಳನ್ನೂ ಸೇರಿಸಿ, ಹೊಸದಾಗಿ ಇಮೇಜ್ ತೆಗೆದೆ. ಪೆನ್‌ಡ್ರೈವ್ ಹಿಡಿದು ಆ ಸಾಲಿನಿಂದ ಅವಳು, ಈ ಸಾಲಿನಿಂದ ನಾನು. ಊಟದ ನೆನಪೇ ಇಲ್ಲ.

ಎರಡೂವರೆ ಗಂಟೆ. ಇಪ್ಪತ್ತು ಓಡುತ್ತಿವೆ. ಸೈಬರ್ ಸೆಂಟರಿನದ್ದೊಂದು ಮಾತ್ರ ಕಪ್ಪಗೆ ಕೂತಿದೆ.

ಮಂಜುಳಾ ಹಾಲಿಳಿಸದ ಹಸುವನ್ನು ಸವರುವ ಹಾಗೆ ಅದರ ಬೆನ್ನು ಸವರುತ್ತಾಳೆ. "ಬಾರಮ್ಮ, ನನ್ ತಾಯಿ…"

ಬಂತು! ಇಪ್ಪತ್ತೊಂದೂ ಬಂತು!

ಇಬ್ಬರೂ ಕಿರುಚಿದ್ದಕ್ಕೆ ತಪಾಸಣೆಗೆ ಬಂದಿದ್ದ ಸಾಹೇಬರು ಹೆದರಿ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಒಂದೊಂದರ ಮುಂದೂ ಕೂತು ನೋಡಿ, ಸಹಿ ಹಾಕಿದರು.

ಮಂಜುಳಾ ಬ್ಯಾಗ್ ಎತ್ತಿಕೊಂಡಳು. "ನಾಲ್ಕೂಕಾಲ್ ಬಸ್ಸಿಗೆ ಓತೀನಕ್ಕ, ಅಸು ಕಾಯ್ತಿರ್ತವೆ. ಪರೀಕ್ಷೆ ದಿನಾನೂ ಇದೇ ಬಸ್ಸು!"

ಲಾಗಿನ್ ಸ್ಕ್ರೀನ್ ನೋಡಿ ನಿಮ್ಮಲ್ಲಿ ಯಾರಾದರೂ ಅತ್ತಿದ್ದೀರಾ? ನಾನಂತೂ ಅತ್ತುಬಿಟ್ಟೆ.