ಟೀಪಾಟ್ ಅವರಲ್ಲಿ, ಮುಚ್ಚಳ ನಮ್ಮಲ್ಲಿ

ಎರಡು ಸಾವಿರದ ದಶಕದ ಆರಂಭದಲ್ಲಿ, ನಾವು ಅಮೆರಿಕದ ವರ್ಜೀನಿಯಾದ ರೆಸ್ಟನ್‌ನಲ್ಲಿದ್ದಾಗ, ನನಗೆ ಹಳೆಯ ಜರ್ಮನ್ ಮಡಕೆಗಳ ಹುಚ್ಚು ಹಿಡಿದಿತ್ತು. ಕಾರ್ಖಾನೆಯ ಪಿಂಗಾಣಿಯಲ್ಲ, ಅಲ್ಲಿನ ಕುಂಬಾರರು ಚಕ್ರದ ಮೇಲೆ ಒಂದೊಂದಾಗಿ ತಿರುಗಿಸಿ, ಬುಡದಲ್ಲಿ ಸ್ವಂತ ಗುರುತು ಒತ್ತಿದ ಹೂಜಿ, ಬಟ್ಟಲು, ಹೂದಾನಿಗಳು. ಸೈನ್ಯದ ಕೆಲಸದ ಮೇಲೆ ಜರ್ಮನಿಯಲ್ಲಿದ್ದು ಬಂದ ಸಂಸಾರಗಳು ವಾಷಿಂಗ್ಟನ್ ಸುತ್ತ ಬೇಕಾದಷ್ಟಿದ್ದವು. ಅಂಥವರು ಮನೆ ಖಾಲಿ ಮಾಡುವಾಗ ಬಾಗಿಲು ತೆರೆದಿಟ್ಟು ಇದ್ದಬದ್ದದ್ದನ್ನೆಲ್ಲ ಮಾರುತ್ತಿದ್ದರು. ಶನಿವಾರ ಬೆಳಗಾದರೆ ಪೇಪರಿನ ಜಾಹೀರಾತು ನೋಡಿ, ದಾರಿ ಪ್ರಿಂಟ್ ಮಾಡಿಕೊಂಡು, ಗಂಡನನ್ನು ಎಬ್ಬಿಸಿ ನಾನು ಆ ಸೇಲ್‌ಗಳ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಅಲ್ಲಿ ನನಗೊಬ್ಬರು ಶತ್ರುವಿದ್ದರು. ಬಿಳಿ ಮೀಸೆ, ಬೇಸ್‌ಬಾಲ್ ಟೋಪಿ. ಮೆಕ್ಸಿಕೋದವರಿರಬೇಕು ಎಂದುಕೊಂಡಿದ್ದೆ. ನಾನು ಕೈ ಚಾಚುವಷ್ಟರಲ್ಲಿ ಒಳ್ಳೆಯ ಮಡಕೆ ಅವರ ಕಂಕುಳು ಸೇರಿರುತ್ತಿತ್ತು.

ಒಂದು ಶನಿವಾರ ಅವರನ್ನು ಕಂಡದ್ದೇ ಗಂಡನಿಗೆ ಹೇಳಿದೆ: “ರೀ, ಆ ಮುದುಕ ಬಂದೇಬಿಟ್ಟ. ಡೋರ್ ಓಪನ್ ಮಾಡಿದ ತಕ್ಷಣ ನೀವು ಕಿಚನ್ ಕಡೆ ಓಡಿ, ನಾನು ಬೇಸ್‌ಮೆಂಟ್ ನೋಡ್ತೀನಿ.”

“ಬೇಸ್‌ಮೆಂಟಲ್ಲಿ ಎಂತದೂ ಇಲ್ಲ ಮಾರಾಯ್ರೆ, ನಾನು ಕಿಟಕಿಯಿಂದ ನೋಡಿ ಆಯ್ತು,” ಎಂದಿತು ಬೆನ್ನ ಹಿಂದಿನ ಧ್ವನಿ. “ಮತ್ತೆ, ನಾನು ಅಷ್ಟು ಮುದುಕ ಸಹ ಅಲ್ಲ.”

ಮಂಗಳೂರಿನವರು! ನಾನು ಸೆರಗಿಲ್ಲದ ಊರಲ್ಲಿ ಮುಖ ಮುಚ್ಚಿಕೊಳ್ಳಲು ಸೆರಗು ಹುಡುಕಿದೆ. ಗಂಡ ಮಾತ್ರ ನಗು ತಡೆಯಲಾರದೆ ಅವರ ಕೈ ಕುಲುಕಿ ಫೋನ್ ನಂಬರ್ ತೆಗೆದುಕೊಂಡರು.

ಅಂದು ಅವರಿಗೆ ಕಂದು ಬಣ್ಣದ ಟೀಪಾಟ್ ಸಿಕ್ಕಿತು, ನನಗೆ ಒಂದು ಪೆಟ್ಟಿಗೆ ಕಪ್ಪುಗಳು. ಮನೆಗೆ ಬಂದು ಬಿಚ್ಚಿದರೆ ಕಪ್ಪುಗಳಡಿಯಲ್ಲಿ ಒಂದು ಮುಚ್ಚಳ. ಅದೇ ಕಂದು, ಅದರ ಮೇಲೆ ಬೂದಿ ಉದುರಿಸಿದಂಥ ಚುಕ್ಕೆಗಳು. ತಕ್ಷಣ ಫೋನ್ ಮಾಡಿದೆ.

“ಅಂಕಲ್, ನಿಮ್ಮ ಟೀಪಾಟ್‌ಗೆ ಲಿಡ್ ಇದೆಯಾ?”

“ಇಲ್ಲ. ಸಾಸರ್ ಮುಚ್ಚಿ ಇಟ್ಟಿದ್ದೇನೆ.”

“ಲಿಡ್ ನನ್ ಹತ್ರ ಇದೆ.”

“ಹೌದಾ! ಹಾಗಾದ್ರೆ ಕೊಡಿ.”

“ಅದ್ಯಾಕೆ? ನೀವೇ ಟೀಪಾಟ್ ಕೊಡಿ.”

ಇಬ್ಬರೂ ಜಗ್ಗಲಿಲ್ಲ. ಆದರೆ ಟೀಪಾಟನ್ನು ಪೂರ್ತಿಯಾಗಿ ನೋಡುವ ಆಸೆ ಇಬ್ಬರಿಗೂ ಇತ್ತು. ಹಾಗಾಗಿ ಭಾನುವಾರ ಚರ್ಚ್ ಮುಗಿಸಿಕೊಂಡು ಅವರು ಹೆಂಡತಿಯ ಜೊತೆ ಟೀಪಾಟ್ ಹಿಡಿದು ಬಂದರು. ಮುಂದಿನ ವಾರ ನಾನು ಮುಚ್ಚಳವನ್ನು ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಆಮೇಲೆ ಅದೇ ರೂಢಿಯಾಯಿತು. ಆಂಟಿ ನೀರುದೋಸೆ ಹುಯ್ಯುತ್ತ, “ಇವರಿಗೂ ಮರ್ಲು, ನಿಮಗೂ ಮರ್ಲು. ಚಾ ಮಾತ್ರ ಲಾಯ್ಕಾಗಿದೆ,” ಎನ್ನುತ್ತಿದ್ದರು. ಮರ್ಲು ಎಂದರೆ ಹುಚ್ಚು ಎಂದು ನಾನು ಕಲಿತದ್ದು ವರ್ಜೀನಿಯಾದಲ್ಲಿ.

ಹೀಗಿರುವಾಗ ಗಂಡನಿಗೆ ಆರೇಳು ಗಂಟೆ ದಾರಿಯ ಷಾರ್ಲೆಟ್‌ನ ಬ್ಯಾಂಕೊಂದರಲ್ಲಿ ಕೆಲಸವಾಯಿತು. ಅಲ್ಲಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಮನೆ ನೋಡಿದೆವು. ಹೊರಡುವ ದಿನ ನಾನು ಮುಚ್ಚಳವನ್ನು ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ, ಅಂಕಲ್‌ಗೇ ಕೊಟ್ಟುಬಿಡೋಣವೆಂದು ಕಾಯುತ್ತಿದ್ದೆ. ಅವರು ಆಂಟಿಯ ಜೊತೆ ಕಾರಿನಿಂದ ಇಳಿದರು. ಕೈಯಲ್ಲಿ ಟೀಪಾಟ್.

“ಇದು ನಿಮಗೆ.”

“ಇಲ್ಲ ಅಂಕಲ್, ಲಿಡ್ ನಿಮಗೆ ಅಂತ ಪ್ಯಾಕ್ ಮಾಡಿದೀನಿ.”

“ಬೇಡ, ನೀವೇ ಇಟ್ಕೊಳ್ಳಿ.”

ಕೊಡಬಾರದೆಂದು ಎಷ್ಟು ಹಟ ಮಾಡಿದ್ದೆವೋ ಕೊಡಲೇಬೇಕೆಂದು ಅಷ್ಟೇ ಹಟ. ಸಾಮಾನಿನ ಟ್ರಕ್ ಹೊರಟಾಗಿತ್ತು. ಆಂಟಿಗೆ ಸಾಕಾಯಿತು. ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡು ಟೀಪಾಟಿನ ಮೇಲೆ ಕೂರಿಸಿ, ಎರಡನ್ನೂ ಸೀರೆಯ ತುಂಡಿನಲ್ಲಿ ಕಟ್ಟಿ, ನಮ್ಮ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಸೀಟ್ ಬೆಲ್ಟ್ ಹಾಕಿದರು.

“ಷಾರ್ಲೆಟ್ ನಾವು ನೋಡ್ಲೇ ಇಲ್ಲ,” ಎಂದರು. “ಚಾ ಕುಡೀಲಿಕ್ಕೆ ಅಂತಾದ್ರೂ ಬರ್ಬಹುದಲ್ಲ?”

ದಾರಿಯುದ್ದಕ್ಕೂ ನಾನು ತಿರುಗಿ ತಿರುಗಿ ನೋಡಿದೆ, ಮಗುವನ್ನು ಮಲಗಿಸಿದವಳ ಹಾಗೆ.

ಕ್ರಿಸ್‌ಮಸ್ ಕಳೆದ ಮರುದಿನ ಅವರು ಹಬ್ಬದ ತಿಂಡಿ ಕುಸ್ವಾರಿನ ಡಬ್ಬಿಗಳೊಂದಿಗೆ ಬಂದಿಳಿದರು. ಟೀಪಾಟನ್ನು ತಿರುಗಿಸಿ ನೋಡಿ, ಒಂದು ಗೀರೂ ಬಿದ್ದಿಲ್ಲವೆಂದು ಖಾತ್ರಿಯಾದ ಮೇಲೆಯೇ ಅಂಕಲ್ ಕೋಟು ಬಿಚ್ಚಿದ್ದು. ಎರಡು ದಿನಕ್ಕೆಂದು ಬಂದವರು ಹೊಸ ವರ್ಷ ಕಳೆದೇ ಹೊರಟರು.