ಕಾಲಿಗೆ ನೀರು ಕೊಡದ ಸಿನಿಮಾ

ಟಿವಿಯಲ್ಲಿ ಬರುತ್ತಿದ್ದ ಅಂತರಿಕ್ಷದ ಧಾರಾವಾಹಿಯೊಂದರಲ್ಲಿ ಕಾಣೆಯಾಗಿದ್ದ ಗಗನಯಾತ್ರಿಯ ಕತೆಯನ್ನೇ ಪ್ರತ್ಯೇಕ ಸಿನಿಮಾ ಮಾಡಿದ್ದರು. ನೋಡಿದವರ ಅಭಿಪ್ರಾಯ ರೆಕಾರ್ಡ್ ಮಾಡಲು ಹೊಳೆನರಸೀಪುರದ ಟಾಕೀಸಿನ ಗೇಟಿನಲ್ಲಿ ಮೈಕು ಹಿಡಿದು ನಿಂತಿದ್ದೆ. ಎಲ್ಲರೂ ‘ಸೂಪರ್’, ‘ಬೆಂಕಿ’ ಎಂದು ಕಿರುಚಿ ಹೋಗುತ್ತಿದ್ದರು. ಹಳ್ಳಿಮೈಸೂರಿನಿಂದ ಬಂದಿದ್ದ ನಡುವಯಸ್ಸಿನ ಹೆಂಗಸೊಬ್ಬರು ಮಾತ್ರ ಮುಖ ಗಂಟಿಕ್ಕಿಕೊಂಡಿದ್ದರು.

“ಯಾಕಮ್ಮಾ, ಚೆನ್ನಾಗಿಲ್ವಾ?” ಎಂದೆ.

“ಏಳು ವರ್ಸ ಆಕಾಸದಲ್ಲಿ ಕಳೆದೋಗಿದ್ದೋನು ಮನೆಗೆ ಬತ್ತಾನೆ. ಒಬ್ರಾದ್ರೂ ಕಾಲಿಗೆ ನೀರು ಕೊಟ್ರಾ ಸಾ? ಬಾಗ್ಲಲ್ಲೇ ನಿಲ್ಸಿ, ಎಲ್ಲಿದ್ದೆ, ಏನ್ ಮಾಡ್ತಿದ್ದೆ ಅಂತ ಕೇಳೋದಾ?”

ನನಗೆ ನಗು ಬಂತು. “ಸಿನಿಮಾ ಅಲ್ವಾ, ಬಿಡಿ” ಎಂದೆ.

ಅವರು ನಗಲಿಲ್ಲ. “ಸಿನಿಮಾದೋರ್ನ ಅಂದು ಏನ್ ಬಂತು? ಓಡೋಗಿದ್ದ ನಮ್ಮಣ್ಣ ಒಂಬತ್ತು ವರ್ಸಕ್ಕೆ ಬಂದಾಗ ನಾವೂ ಅಂಗೇ ಮಾಡಿದ್ವಿ. ನೀರಿನ ಚೆಂಬು ನನ್ನ ಕೈಯಲ್ಲೇ ಇತ್ತು ಸಾ. ಕೊಡ್ದೆ ಬೈತಾ ನಿಂತ್ಕಂಡೆ. ನಿಂತ ಕಾಲಲ್ಲೇ ಒಂಟೋದ. ಆಮೇಲೆ ಬರ್ಲೇ ಇಲ್ಲ.”

ಎಲ್ಲರನ್ನೂ ಕೇಳಲೇಬೇಕೆಂದು ನಮ್ಮ ಚಾನೆಲ್‌ನವರು ಬರೆದುಕೊಟ್ಟಿದ್ದ ಕೊನೆಯ ಪ್ರಶ್ನೆ ಚೀಟಿಯಲ್ಲಿ ಹಾಗೇ ಇತ್ತು: ಎರಡನೇ ಭಾಗ ಬಂದರೆ ನೋಡುತ್ತೀರಾ?

ಚೀಟಿ ಮಡಚಿ ಜೇಬಿಗಿಟ್ಟುಕೊಂಡೆ. ಅಂದು ಆ ಪ್ರಶ್ನೆಯಿಂದ ಪಾರಾದವರು ಅವರೊಬ್ಬರೇ.