ಒಂದೇ ವರ್ಷಕ್ಕೆ ಎರಡು ರಿಟರ್ನ್ಸ್

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಆಳೆತ್ತರದ ಕನ್ನಡಿ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದವಳನ್ನು ಓಣಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮೆಟ್ಟಿಲು ಹತ್ತಿ ಬಂದವರನ್ನು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯುವ ಮೊದಲೇ ಭುಜದ ಅಳತೆ ಹೇಳಿಬಿಡುವಳು. ಕೆಲಸದಲ್ಲಿ ಎತ್ತಿದ ಕೈ.

ಒಂದು ಸೋಮವಾರ ತೆರಿಗೆ ಕಚೇರಿಯಿಂದ ನೋಟಿಸು ಬಂತು. ಕತ್ತರಿ ಕೆಳಗಿಟ್ಟು ಓದಿದಳು. ‘ನಿಮ್ಮ ಹೆಸರಿನಲ್ಲಿ ಒಂದೇ ವರ್ಷಕ್ಕೆ ಎರಡು ರಿಟರ್ನ್ಸ್ ಸಲ್ಲಿಕೆಯಾಗಿವೆ. ಯಾವುದು ಸರಿಯೆಂದು ಹದಿನೈದು ದಿನಗಳೊಳಗೆ ತಿಳಿಸತಕ್ಕದ್ದು.’

ಅವಳು ಸಲ್ಲಿಸಿದ್ದು ಒಂದೇ. ಕಂಪ್ಯೂಟರ್ ಅಂಗಡಿಯಲ್ಲಿ ಎದುರಿಗೇ ಕೂತು ಹಾಕಿಸಿದ್ದಳು. ಹಾಗಾದರೆ ಇನ್ನೊಂದು ಯಾರದು? ತನ್ನ ಹೆಸರಿನಲ್ಲಿ ಯಾರೋ ಎಲ್ಲೋ ಏನೋ ನಡೆಸುತ್ತಿದ್ದಾರೆ ಎಂದು ನೋಟಿಸನ್ನು ಮತ್ತೆ ಮೊದಲಿಂದ ಓದಿದಳು.

ಗಂಡ ಶಾಲಾ ಬಸ್ಸಿನ ಡ್ರೈವರು. ಬಿ.ಪಿ. ಇರುವ ಮನುಷ್ಯ, ಗಾಬರಿಯಾದಾನೆಂದು ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಒಂದು ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹಚ್ಚಿದಳು. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ ಅದನ್ನು ಎತ್ತಿ ಹಿಡಿದು, "ಇದನ್ನ ಹಾಕ್ಕೊಳ್ಳೋನು ಎಲ್ಲಿದ್ದಾನೆ ತಾಯಿ? ಏನಾಗಿದೆ ನಿಂಗೆ?" ಅಂದರು. ಟೈಲರಮ್ಮ ಎಲ್ಲ ಹೇಳಿಬಿಟ್ಟಳು.

ಸಂಜೆ ಗಂಡನ ಕೈಗೆ ನೋಟಿಸು ಹೋಯಿತು. ಅವನು ಓದಿ ಕತ್ತು ಕೆರೆದುಕೊಂಡ.

"ರೀ, ಪೊಲೀಸರಿಗೆ ಹೇಳೋಣ್ವಾ?"

"ಬೇಡ ಕಣೇ. ಆ ಕಳ್ಳ ನಾನೇ."

ವರ್ಷವರ್ಷವೂ ಅವಳು ಚೀಟಿಗಳ ನಡುವೆ ತಲೆ ಹಿಡಿದು ಕೂರುವುದನ್ನು ನೋಡಲಾರದೆ ಈ ಸಲ ಅವನೇ ಪರಿಚಯದವರೊಬ್ಬರಿಂದ ಅವಳ ರಿಟರ್ನ್ಸ್ ಹಾಕಿಸಿದ್ದನಂತೆ. ಅವಳ ಫೋನಿಗೆ ಬಂದ ಗುಟ್ಟಿನ ನಂಬರನ್ನು ಅವಳು ಸ್ನಾನಕ್ಕೆ ಹೋದಾಗ ಓದಿ ಹೇಳಿದ್ದನಂತೆ. ಮದುವೆಯ ವಾರ್ಷಿಕೋತ್ಸವದ ದಿನ ಹೇಳೋಣವೆಂದಿದ್ದ. ಅವತ್ತೇ ಬಸ್ಸು ಕೆಟ್ಟು ನಿಂತು ಎಲ್ಲ ಮರೆತುಹೋಗಿತ್ತು.

"ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಹಾಕ್ಸಿದ್ದನ್ನ ನಂಗೆ ಹೇಳಿದ್ಯಾ?"

ಅವಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು. ಅದನ್ನು ನೋಡಿ ಅವಳಿಗೂ ತಡೆಯಲಾಗಲಿಲ್ಲ.

ಮರುದಿನ, ಬೆಳಗಿನ ಟ್ರಿಪ್ಪು ಮುಗಿಸಿ ಬಂದ ಗಂಡನ ಜೊತೆ ತೆರಿಗೆ ಕಚೇರಿಗೆ ಹೋದಳು. ಕನ್ನಡಕ ಹಣೆಗೇರಿಸಿಕೊಂಡಿದ್ದ ಕ್ಲರ್ಕಮ್ಮ ಕತೆ ಕೇಳಿ ಮೇಜು ತಟ್ಟಿದರು. "ಒಂದು ಹಾಕ್ಸೋಕೇ ನಮ್ಗೆ ಸಾಕುಸಾಕಾಗುತ್ತೆ. ನಿಮ್ಮನೇಲಿ ಪೈಪೋಟಿ ಮೇಲೆ ಹಾಕ್ತೀರಲ್ಲ! ಸರಿ, ಯಾವುದು ನಿಜ?"

"ನಂದೇ ಮೇಡಂ. ರಾತ್ರಿ ಕೇಳ್ದೆ, ಇವರು ಕೋಣೆ ಬಾಡಿಗೆ ತೋರಿಸೋದೇ ಮರೆತಿದ್ದಾರೆ."

ಕ್ಲರ್ಕಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟರು. "ಕಸುಬು ಕೂಡ ಬೇರೆಬೇರೆ ಇದೆ ನೋಡಿ. ನಿಮ್ಮದ್ರಲ್ಲಿ ಹೊಲಿಗೆ. ಇವರದ್ರಲ್ಲಿ ವಸ್ತ್ರ ವಿನ್ಯಾಸ ತಜ್ಞೆ."

ಟೈಲರಮ್ಮ ಗಂಡನ ಕಡೆ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು. ಇಷ್ಟು ವರ್ಷ ಅವಳು ಹೊಲಿದ ಅಂಗಿಯನ್ನೇ ತೊಟ್ಟರೂ ‘ಚೆನ್ನಾಗಿದೆ’ ಎಂಬ ಒಂದು ಮಾತು ಆ ಬಾಯಿಂದ ಬಂದಿರಲಿಲ್ಲ.

"ಬರೀ ಹೊಲಿಗೆ ಅಂದ್ರೆ ಹೇಗೆ?" ಎಂದು ಗೊಣಗಿದ.

ನಾನು ಹಾಕಿಸಿದ್ದೇ ಸರಿ, ಗಂಡ ಹಾಕಿಸಿದ್ದು ತಿಳಿಯದೆ ಆದದ್ದು, ದಯವಿಟ್ಟು ರದ್ದು ಮಾಡಿ ಎಂದು ಅವಳು ತನ್ನ ಕೈಯಾರೆ ಉತ್ತರ ಬರೆದು ಸಹಿ ಹಾಕಿದಳು. ಕ್ಲರ್ಕಮ್ಮ ಸ್ವೀಕೃತಿಯ ಮೊಹರು ಒತ್ತಿಕೊಟ್ಟರು.

ಮೆಟ್ಟಿಲಿಳಿಯುವಾಗ ಕೇಳಿದಳು, "ಆ ತಜ್ಞೆ ಅನ್ನೋದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಅರ್ಧ ಗಂಟೆ ನಾನೇ ಯೋಚ್ನೆ ಮಾಡಿದ್ದು."

ಬೀದಿಯ ತುದಿಯವರೆಗೂ ಅವಳು ಅವನ ತೋಳು ಬಿಡಲಿಲ್ಲ.

ಮೂರು ವಾರಕ್ಕೆ ವಿಷಯ ಮುಕ್ತಾಯವಾಯಿತೆಂಬ ಪತ್ರ ಬಂತು. ಈಗ ಪ್ರತಿವರ್ಷ ಮೂವರೂ ಒಟ್ಟಿಗೇ ಕಂಪ್ಯೂಟರ್ ಅಂಗಡಿಗೆ ಹೋಗುತ್ತಾರೆ. ಕೊನೆಯ ಗುಂಡಿ ಒತ್ತುವುದು ಯಾರೆಂದು ಗಂಡ ಹೆಂಡಿರಿಗೆ ಜಗಳ. ಅವರು ವಾದ ಮುಗಿಸುವುದರೊಳಗೆ ಅತ್ತೆ ಒತ್ತಿಯಾಗಿರುತ್ತದೆ.